ಫೋಲ್ಡರ್ ನೆಟ್ಟಗೆ ಕಾಣದಿದ್ದಾಗ ಏನು ಮಾಡಬೇಕು: ವಿಂಡೋಸ್ ಬಳಸುವವರಿಗೆ ಒಂದು ಕೈಪಿಡಿ

"ಫೋಟೋ ಎಲ್ಲಾ ಹೋಯ್ತು ಕಣೋ" ಎಂದು ಅಕ್ಕ ಫೋನು ಮಾಡಿದ ದಿನ, ಗೃಹಪ್ರವೇಶದ ಸಾವಿರಕ್ಕೂ ಹೆಚ್ಚು ಚಿತ್ರಗಳು ಆಕೆಯ ಲ್ಯಾಪ್‌ಟಾಪಿನಲ್ಲಿ ಒಂದೂ ಬಿಡದೆ ಹಾಗೆಯೇ ಇದ್ದವು. ಪುಟ್ಟ ಪುಟ್ಟ ಚಿತ್ರಗಳು ಕಾಣುತ್ತಿದ್ದ ಜಾಗದಲ್ಲಿ ಎಲ್ಲದಕ್ಕೂ ಒಂದೇ ಬಗೆಯ ಐಕಾನ್ ಕಾಣತೊಡಗಿತ್ತು, ಅಷ್ಟೆ. ಆಕೆ ಅದನ್ನು ತೋರಿಸಿದ ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯಿಲ್ಲ ಎಂದಿದ್ದರು. ಆ ಮಾತು ಕೇಳಿದ್ದರೆ ಚಿತ್ರಗಳು ನಿಜವಾಗಿಯೂ ಹೋಗುತ್ತಿದ್ದವು. ಇಂಥ ತೊಂದರೆಗೆ ಸಿಕ್ಕಿದವರು ಆತುರಪಟ್ಟು ಇದ್ದದ್ದನ್ನೂ ಕಳೆದುಕೊಳ್ಳಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು ಇಷ್ಟು. ಕಡತಗಳು ಡಿಸ್ಕ್‌ನಲ್ಲಿ ಇರುವುದು ಬೇರೆ, ಅವುಗಳನ್ನು, ಫೋಲ್ಡರುಗಳನ್ನು ತೆರೆದು ನೋಡಲು ಬಳಸುವ ತಂತ್ರಾಂಶವಾದ ಫೈಲ್ ಎಕ್ಸ್‌ಪ್ಲೋರರ್ ನಮಗೆ ತೋರಿಸುವುದು ಬೇರೆ. ಯಾವ ಫೋಲ್ಡರನ್ನು ಯಾವ ರೂಪದಲ್ಲಿ, ಯಾವ ಕ್ರಮದಲ್ಲಿ, ಯಾವ ಹೆಸರಿನಲ್ಲಿ ತೋರಿಸಬೇಕು ಎಂಬುದನ್ನು ಎಕ್ಸ್‌ಪ್ಲೋರರ್ ತನ್ನದೇ ಆದ ಕೆಲವು ಟಿಪ್ಪಣಿಗಳಲ್ಲಿ ಬರೆದಿಟ್ಟುಕೊಂಡಿರುತ್ತದೆ. ನೋಟ ಕೆಟ್ಟಾಗ ಸಾಮಾನ್ಯವಾಗಿ ಕೆಟ್ಟಿರುವುದು ಆ ಟಿಪ್ಪಣಿಯೇ ಹೊರತು ಕಡತವಲ್ಲ. ಆದ್ದರಿಂದ ಕೈಹಾಕುವ ಮೊದಲು ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ, 'ಪ್ರಾಪರ್ಟೀಸ್' ತೆರೆದು, ಒಟ್ಟು ಗಾತ್ರವೆಷ್ಟು, ಒಳಗಿರುವ ಕಡತಗಳ ಸಂಖ್ಯೆಯೆಷ್ಟು ಎಂದು ನೋಡಿಕೊಳ್ಳಿ. ಅಂಕಿಗಳು ನಿಮ್ಮ ಅಂದಾಜಿಗೆ ಹೊಂದುತ್ತಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತದೆ. ಮೆನುಗಳ ಹೆಸರುಗಳನ್ನು ಇಂಗ್ಲಿಷ್ ಆವೃತ್ತಿಯಲ್ಲಿರುವಂತೆಯೇ ಕೊಟ್ಟಿದ್ದೇನೆ.

ಸಣ್ಣ ಕಾರಣಗಳನ್ನು ಮೊದಲು ಮುಗಿಸೋಣ. ಐಕಾನ್‌ಗಳು ಇದ್ದಕ್ಕಿದ್ದಂತೆ ದೊಡ್ಡದಾಗಿದ್ದರೆ ಅಥವಾ ಚಿಕ್ಕದಾಗಿದ್ದರೆ ಕಂಟ್ರೋಲ್ ಕೀಲಿ ಒತ್ತಿರುವಾಗ ಮೌಸಿನ ಚಕ್ರ ತಿರುಗಿರುತ್ತದೆ. ಹಾಗೆಯೇ ಒತ್ತಿ ಹಿಡಿದು ಹಿಂದಕ್ಕೆ ತಿರುಗಿಸಿದರೆ ಸರಿಹೋಗುತ್ತದೆ. ಕಂಟ್ರೋಲ್, ಶಿಫ್ಟ್ ಮತ್ತು 6 ಒಟ್ಟಿಗೆ ಒತ್ತಿದರೆ 'ಡಿಟೇಲ್ಸ್' ನೋಟ ಬರುತ್ತದೆ. ಬಲಗಡೆ ಒಂದು ಅಗಲವಾದ ಖಾಲಿ ಪಟ್ಟಿ ಬಂದು ಕೂತಿದ್ದರೆ ಆಲ್ಟ್ ಜೊತೆ ಪಿ ಒತ್ತಿ, ಮುನ್ನೋಟದ ಆ ಪಟ್ಟಿ ಮುಚ್ಚಿಕೊಳ್ಳುತ್ತದೆ. ಹೊಸದಾಗಿ ಉಳಿಸಿದ ಕಡತ ಕಾಣದಿದ್ದರೆ ಎಫ್ 5 ಒತ್ತಿ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪಟ್ಟಿಯಲ್ಲಿ 'ವಿಂಡೋಸ್ ಎಕ್ಸ್‌ಪ್ಲೋರರ್' ಮೇಲೆ ಬಲ ಕ್ಲಿಕ್ ಮಾಡಿ 'ರೀಸ್ಟಾರ್ಟ್' ಆರಿಸಿ. ಒಂದು ಕ್ಷಣ ಪರದೆಯ ಕೆಳಗಿನ ಪಟ್ಟಿ ಮಾಯವಾಗಿ ಮರಳಿ ಬರುತ್ತದೆ, ಗಾಬರಿ ಬೇಡ.

ಹೆಚ್ಚಿನ ದೂರುಗಳ ಬೇರು ಇರುವುದು 'ಟೆಂಪ್ಲೇಟ್' ಎಂಬಲ್ಲಿ. ಎಕ್ಸ್‌ಪ್ಲೋರರ್ ಪ್ರತಿಯೊಂದು ಫೋಲ್ಡರನ್ನೂ ಐದು ಜಾತಿಗಳಲ್ಲಿ ಒಂದಕ್ಕೆ ಸೇರಿಸುತ್ತದೆ: ಜನರಲ್ ಐಟಮ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್. ಒಳಗೆ ಯಾವ ಬಗೆಯ ಕಡತಗಳಿವೆ ಎಂದು ನೋಡಿ ಅದು ತಾನಾಗಿಯೇ ಊಹೆ ಮಾಡುತ್ತದೆ, ಮತ್ತು ಆ ಊಹೆ ಆಗಾಗ ತಪ್ಪುತ್ತದೆ. ನಿಮ್ಮ ಲೆಕ್ಕಪತ್ರಗಳ ಫೋಲ್ಡರಿಗೆ ಯಾರೋ ವಾಟ್ಸ್ಆ್ಯಪ್‌ನಿಂದ ಬಂದ ರಸೀದಿಗಳ ಚಿತ್ರಗಳನ್ನು ತುಂಬಿದರೆಂದಿಟ್ಟುಕೊಳ್ಳಿ. ಮರುದಿನ ಅದೇ ಫೋಲ್ಡರ್ ಪಿಕ್ಚರ್ಸ್ ಜಾತಿಗೆ ಸೇರಿ, ಕಡತ ಬದಲಾದ ದಿನಾಂಕದ ಅಂಕಣ ಕಾಣೆಯಾಗಿ, ಅದರ ಜಾಗದಲ್ಲಿ ಟ್ಯಾಗ್ಸ್, ರೇಟಿಂಗ್ ಎಂಬ ನಿಮಗೆ ಬೇಡದ ಅಂಕಣಗಳು ಬಂದು ನಿಲ್ಲಬಹುದು. ಹಾಡುಗಳು ಸೇರಿಕೊಂಡರೆ ಆಲ್ಬಂ, ಕಲಾವಿದರು ಎಂಬ ಅಂಕಣಗಳು ಬರುತ್ತವೆ.

ಇದು ಬರೀ ಅಂದಚೆಂದದ ಪ್ರಶ್ನೆಯಲ್ಲ. ಡೌನ್‌ಲೋಡ್ಸ್ ಫೋಲ್ಡರ್ ತೆರೆದಾಗ ಮೇಲಿನ ವಿಳಾಸಪಟ್ಟಿಯಲ್ಲಿ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ನಿಧಾನವಾಗಿ ತೆವಳುವುದನ್ನು ನೀವು ನೋಡಿರಬಹುದು. ಫೋಲ್ಡರ್ ಪಿಕ್ಚರ್ಸ್ ಎಂದು ಗುರುತಾಗಿದ್ದರೆ, ಚಿತ್ರ ತೆಗೆದ ದಿನಾಂಕದಂಥ ವಿವರಗಳಿಗಾಗಿ ಎಕ್ಸ್‌ಪ್ಲೋರರ್ ಪ್ರತಿಯೊಂದು ಕಡತದ ಒಳಗೂ ಇಣುಕಬೇಕಾಗುತ್ತದೆ. ಕಡತಗಳು ಸಾವಿರಾರು ಇದ್ದಾಗ ಆ ಗೆರೆ ಮುಗಿಯುವುದೇ ಇಲ್ಲವೇನೋ ಎನ್ನಿಸುತ್ತದೆ. ಪರಿಹಾರ ಮಾತ್ರ ಅರ್ಧ ನಿಮಿಷದ್ದು. ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ, 'ಪ್ರಾಪರ್ಟೀಸ್' ಒಳಗಿನ 'ಕಸ್ಟಮೈಸ್' ಪುಟಕ್ಕೆ ಹೋಗಿ, 'ಆಪ್ಟಿಮೈಸ್ ದಿಸ್ ಫೋಲ್ಡರ್ ಫಾರ್' ಎಂಬಲ್ಲಿ 'ಜನರಲ್ ಐಟಮ್ಸ್' ಆರಿಸಿ ಓಕೆ ಒತ್ತಿ. ಒಳಗಿನ ಫೋಲ್ಡರುಗಳಿಗೂ ಇದೇ ಇರಲಿ ಎನ್ನುವುದಾದರೆ ಅಲ್ಲಿಯೇ ಕೆಳಗಿರುವ ಚೌಕಕ್ಕೂ ಗುರುತು ಹಾಕಿ. ಈ ಒಂದು ಬದಲಾವಣೆಯಿಂದ ಹಳೆಯ ಯಂತ್ರಗಳಲ್ಲಿಯೂ ಡೌನ್‌ಲೋಡ್ಸ್ ತಕ್ಷಣ ತೆರೆದುಕೊಳ್ಳುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಅದೇ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಕಡತಗಳು 'ಟುಡೇ', 'ಲಾಸ್ಟ್ ವೀಕ್' ಎಂಬ ಗುಂಪುಗಳಾಗಿ ಒಡೆದುಕೊಂಡಿರುವುದು ದೋಷವಲ್ಲ. 2019ರಲ್ಲಿ ಬಂದ ವಿಂಡೋಸ್ 10ರ 1903 ಆವೃತ್ತಿಯಿಂದ ಈಚೆಗೆ ಅದು ಹಾಗೆಯೇ ಬರುತ್ತದೆ. ಇಷ್ಟವಿಲ್ಲದವರು ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ, 'ಗ್ರೂಪ್ ಬೈ' ಎಂಬಲ್ಲಿ 'ನನ್' ಆರಿಸಿದರೆ ಸಾಕು.

ಒಂದು ಫೋಲ್ಡರನ್ನು ಮನಸ್ಸಿಗೆ ಬಂದಂತೆ ಜೋಡಿಸಿಕೊಂಡ ಮೇಲೆ ಅದೇ ಜೋಡಣೆಯನ್ನು ಉಳಿದವಕ್ಕೂ ಹರಡಬಹುದು. ವಿಂಡೋಸ್ 11ರಲ್ಲಿ ಮೇಲಿನ ಮೂರು ಚುಕ್ಕೆಗಳನ್ನು ಒತ್ತಿ, 10ರಲ್ಲಿ 'ವ್ಯೂ' ಪಟ್ಟಿಯಿಂದ, 'ಆಪ್ಷನ್ಸ್' ತೆರೆದು, ಅದರೊಳಗಿನ 'ವ್ಯೂ' ಪುಟದಲ್ಲಿ 'ಅಪ್ಲೈ ಟು ಫೋಲ್ಡರ್ಸ್' ಒತ್ತಿ. ಇಲ್ಲಿ ಬಹಳ ಜನ ಎಡವುತ್ತಾರೆ: ಈ ಗುಂಡಿ ಎಲ್ಲ ಫೋಲ್ಡರುಗಳಿಗೂ ಅನ್ವಯಿಸುವುದಿಲ್ಲ, ಅದೇ ಜಾತಿಯ ಫೋಲ್ಡರುಗಳಿಗೆ ಮಾತ್ರ ಅನ್ವಯಿಸುತ್ತದೆ. ಆದುದರಿಂದ ಐದೂ ಜಾತಿಗಳಲ್ಲಿ ಒಂದೊಂದು ಫೋಲ್ಡರ್ ತೆರೆದು ಐದು ಸಲ ಈ ಕೆಲಸ ಮಾಡಬೇಕು. ಜೋಡಣೆ ಕೆಟ್ಟು ಮೊದಲಿನಂತಾಗಬೇಕು ಎಂದಾದರೆ ಪಕ್ಕದಲ್ಲಿಯೇ 'ರೀಸೆಟ್ ಫೋಲ್ಡರ್ಸ್' ಇದೆ.

ಎಷ್ಟು ಸಲ ಸರಿಪಡಿಸಿದರೂ ಮರುದಿನ ನೋಟ ಮತ್ತೆ ಬದಲಾಗುತ್ತಿದ್ದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಗೆ ಹೋಗಬೇಕಾಗುತ್ತದೆ. ಫೋಲ್ಡರುಗಳ ನೋಟದ ನೆನಪು ಇರುವುದು ಅಲ್ಲಿಯೇ. ಸ್ಟಾರ್ಟ್ ಒತ್ತಿ 'ರಿಜಿಸ್ಟ್ರಿ ಎಡಿಟರ್' ಹುಡುಕಿ ತೆರೆಯಿರಿ. ಎಡಗಡೆಯ ಮರದಲ್ಲಿ ಎಚ್‌ಕೀ ಕರೆಂಟ್ ಯೂಸರ್, ಅದರೊಳಗೆ ಸಾಫ್ಟ್‌ವೇರ್, ಕ್ಲಾಸಸ್, ಲೋಕಲ್ ಸೆಟ್ಟಿಂಗ್ಸ್, ಮತ್ತೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕೊನೆಗೆ ಶೆಲ್ ಎಂದು ಒಂದೊಂದಾಗಿ ಬಿಡಿಸುತ್ತಾ ಇಳಿಯಿರಿ. ಲೋಕಲ್ ಸೆಟ್ಟಿಂಗ್ಸ್ ಆದ ಮೇಲೆ ಸಾಫ್ಟ್‌ವೇರ್ ಎರಡನೆಯ ಸಲ ಬರುವುದನ್ನು ಗಮನಿಸಿ. ದಾರಿ ತಪ್ಪುವುದು ಅಲ್ಲಿಯೇ. ಶೆಲ್ ಒಳಗೆ ಬ್ಯಾಗ್ಸ್ ಮತ್ತು ಬ್ಯಾಗ್‌ಎಂಆರ್‌ಯು ಎಂಬ ಎರಡು ಕೀಲಿಗಳಿರುತ್ತವೆ (ರಿಜಿಸ್ಟ್ರಿಯಲ್ಲಿ ಫೋಲ್ಡರಿನಂತೆ ಕಾಣುವುದಕ್ಕೆ ಕೀಲಿ ಎನ್ನುತ್ತಾರೆ). ಎರಡನೆಯದು ನೀವು ತೆರೆದ ಫೋಲ್ಡರುಗಳ ಪಟ್ಟಿ, ಮೊದಲನೆಯದು ಆ ಪಟ್ಟಿಯಲ್ಲಿರುವ ಒಂದೊಂದನ್ನೂ ಹೇಗೆ ತೋರಿಸಬೇಕೆಂಬ ಟಿಪ್ಪಣಿ. ವಿಂಡೋಸ್ ವಿಸ್ತಾದಿಂದ ಈಚೆಗೆ ಸಾಮಾನ್ಯವಾಗಿ 5000 ಫೋಲ್ಡರುಗಳ ನೆನಪು ಇಲ್ಲಿ ಉಳಿಯುತ್ತದೆ. ಅಳಿಸಿಹೋದ ಫೋಲ್ಡರುಗಳ ಗುರುತೂ ಇಲ್ಲಿ ಉಳಿಯುವುದರಿಂದ ಸೈಬರ್ ಅಪರಾಧದ ತನಿಖೆಯವರಿಗೂ ಈ ಜಾಗ ಬೇಕಾದದ್ದೇ.

ಮೊದಲು ಶೆಲ್ ಮೇಲೆ ಬಲ ಕ್ಲಿಕ್ ಮಾಡಿ 'ಎಕ್ಸ್‌ಪೋರ್ಟ್' ಮೂಲಕ ಒಂದು ಪ್ರತಿ ಉಳಿಸಿಕೊಳ್ಳಿ. ಈ ಹೆಜ್ಜೆಯನ್ನು ಎಷ್ಟೇ ಅವಸರವಿದ್ದರೂ ಬಿಡಬೇಡಿ, ಏಕೆಂದರೆ ರಿಜಿಸ್ಟ್ರಿಯಲ್ಲಿ ಅಳಿಸಿದ್ದನ್ನು ಹಿಂದಕ್ಕೆ ತರುವ ಗುಂಡಿಯಿಲ್ಲ. ಆಮೇಲೆ ಬ್ಯಾಗ್ಸ್ ಮತ್ತು ಬ್ಯಾಗ್‌ಎಂಆರ್‌ಯು ಎರಡನ್ನೂ ಅಳಿಸಿ, ಹಿಂದೆ ಹೇಳಿದಂತೆ ಎಕ್ಸ್‌ಪ್ಲೋರರ್ ಅನ್ನು ರೀಸ್ಟಾರ್ಟ್ ಮಾಡಿ. ನೋಟದ ನೆನಪೆಲ್ಲ ಅಳಿದು ಎಕ್ಸ್‌ಪ್ಲೋರರ್ ಹೊಸದಾಗಿ ಆರಂಭಿಸುತ್ತದೆ. ನಿಮ್ಮ ಕಡತಗಳಿಗೆ ಏನೂ ಆಗುವುದಿಲ್ಲ.

ಊಹಿಸುವ ಚಾಳಿಯನ್ನೇ ನಿಲ್ಲಿಸಬೇಕೆಂದರೆ ಇನ್ನೊಂದು ಹೆಜ್ಜೆಯಿದೆ. ಶೆಲ್ ಒಳಗಿನ ಬ್ಯಾಗ್ಸ್‌ನಲ್ಲಿ ಆಲ್‌ಫೋಲ್ಡರ್ಸ್ ಎಂಬ ಕೀಲಿಯನ್ನೂ ಅದರೊಳಗೆ ಶೆಲ್ ಎಂಬ ಇನ್ನೊಂದು ಕೀಲಿಯನ್ನೂ ಮಾಡಿ, ಅಲ್ಲಿ ಫೋಲ್ಡರ್‌ಟೈಪ್ ಎಂಬ ಹೆಸರಿನ ಸ್ಟ್ರಿಂಗ್ ವ್ಯಾಲ್ಯೂ ಸೇರಿಸಿ, ಅದಕ್ಕೆ ನಾಟ್‌ಸ್ಪೆಸಿಫೈಡ್ ಎಂಬ ಬೆಲೆ ಕೊಡಿ. ಇವೆಲ್ಲವನ್ನೂ ಇಂಗ್ಲಿಷಿನಲ್ಲಿ, ಪದಗಳ ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು. ಅಲ್ಲಿಂದ ಮುಂದೆ ಫೋಲ್ಡರುಗಳು ಒಳಗೇನಿದ್ದರೂ ಸಾಮಾನ್ಯ ಜಾತಿಯಲ್ಲಿಯೇ ಉಳಿಯುತ್ತವೆ. ದಿನವಿಡೀ ಕಡತಗಳೊಡನೆ ಕೆಲಸ ಮಾಡುವವರಿಗೆ ಇದನ್ನು ನಾನು ಹಿಂಜರಿಯದೆ ಹೇಳುತ್ತೇನೆ; ಚಿತ್ರಗಳನ್ನೇ ಹೆಚ್ಚು ನೋಡುವವರಿಗೆ ಇದರ ಅಗತ್ಯವಿಲ್ಲ.

ಈಗ ಅಕ್ಕನ ಲ್ಯಾಪ್‌ಟಾಪಿಗೆ ಬರೋಣ. ಹಿಂದಿನ ವಾರವಷ್ಟೇ ಯಾರೋ ಅದನ್ನು 'ಫಾಸ್ಟ್' ಮಾಡಿಕೊಟ್ಟಿದ್ದರು. ವಿಂಡೋಸಿನ 'ಪರ್ಫಾರ್ಮೆನ್ಸ್ ಆಪ್ಷನ್ಸ್' ಒಳಗೆ 'ಅಡ್ಜಸ್ಟ್ ಫಾರ್ ಬೆಸ್ಟ್ ಪರ್ಫಾರ್ಮೆನ್ಸ್' ಆರಿಸಿದರೆ, ಐಕಾನ್ ಬದಲು ಚಿತ್ರದ ಪುಟ್ಟ ರೂಪವಾದ ಥಂಬ್‌ನೇಲ್ ತೋರಿಸುವ ಆಯ್ಕೆಯೂ ಉಳಿದವುಗಳ ಜೊತೆಗೆ ಆರಿಹೋಗುತ್ತದೆ. 'ಶೋ ಥಂಬ್‌ನೇಲ್ಸ್ ಇನ್‌ಸ್ಟೆಡ್ ಆಫ್ ಐಕಾನ್ಸ್' ಎದುರಿನ ಚೌಕಕ್ಕೆ ಗುರುತು ಹಾಕಿದ ಕೂಡಲೇ ಗೃಹಪ್ರವೇಶದ ಹೋಮ, ಹಾಲುಕ್ಕಿಸಿದ್ದು, ಊಟದ ಪಂಕ್ತಿ ಒಂದೊಂದಾಗಿ ಮೂಡಿಬಂದವು. ಇದೇ ಬಗೆಯ ಇನ್ನೊಂದು ಚೌಕ 'ಫೋಲ್ಡರ್ ಆಪ್ಷನ್ಸ್' ಒಳಗಿನ 'ವ್ಯೂ' ಪುಟದ ಮೊದಲ ಸಾಲುಗಳಲ್ಲಿದೆ: 'ಆಲ್ವೇಸ್ ಶೋ ಐಕಾನ್ಸ್, ನೆವರ್ ಥಂಬ್‌ನೇಲ್ಸ್'. ಅದಕ್ಕೆ ಗುರುತು ಇರಬಾರದು.

ಎರಡೂ ಸರಿಯಿದ್ದು ಕೆಲವು ಚಿತ್ರಗಳು ಮಾತ್ರ ಖಾಲಿಯಾಗಿ ಅಥವಾ ಬೇರೆಯ ಚಿತ್ರದ ಮುಖ ಹೊತ್ತು ಕಾಣುತ್ತಿದ್ದರೆ, ಇಲ್ಲವೇ ಫೋಲ್ಡರ್ ಐಕಾನ್ ಹಿಂದೆ ಕಪ್ಪು ಚೌಕ ಬಂದಿದ್ದರೆ, ಥಂಬ್‌ನೇಲ್‌ಗಳ ಸಂಗ್ರಹ ಕೆಟ್ಟಿದೆ. 'ಡಿಸ್ಕ್ ಕ್ಲೀನಪ್' ತೆರೆದು, ಸಿ ಡ್ರೈವ್ ಆರಿಸಿ, ಪಟ್ಟಿಯಲ್ಲಿ 'ಥಂಬ್‌ನೇಲ್ಸ್' ಒಂದಕ್ಕೆ ಮಾತ್ರ ಗುರುತು ಉಳಿಸಿ ಓಕೆ ಒತ್ತಿ. ವಿಂಡೋಸ್ ಅವನ್ನು ಹೊಸದಾಗಿ ಮಾಡಿಕೊಳ್ಳುತ್ತದೆ. ಇದೇ ಕೆಲಸವನ್ನು ಸೆಟ್ಟಿಂಗ್ಸ್‌ನ 'ಸ್ಟೋರೇಜ್' ಒಳಗೆ 'ಟೆಂಪರರಿ ಫೈಲ್ಸ್' ಎಂಬಲ್ಲಿಯೂ ಮಾಡಬಹುದು, ಆದರೆ ಅಲ್ಲಿನ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತದೆ. ಕಣ್ಣುಮುಚ್ಚಿ ಎಲ್ಲದಕ್ಕೂ ಗುರುತು ಹಾಕಿದರೆ ನೀವು ಇಳಿಸಿಕೊಂಡಿದ್ದ ಅಂಕಪಟ್ಟಿ, ಪಹಣಿ, ವಿಮೆಯ ಪತ್ರ ಎಲ್ಲವೂ ಅಳಿಸಿಹೋಗುತ್ತವೆ. ಐಫೋನಿನಿಂದ ಬಂದ ಎಚ್‌ಇಐಸಿ ಚಿತ್ರಗಳು ಮಾತ್ರ ಕಾಣದಿದ್ದರೆ ಅದು ಸಂಗ್ರಹದ ದೋಷವಲ್ಲ. ಆ ಬಗೆಯ ಚಿತ್ರಗಳಿಗೆ ಬೇಕಾದ ಎಕ್ಸ್‌ಟೆನ್ಷನ್‌ಗಳನ್ನು ಮೈಕ್ರೋಸಾಫ್ಟ್ ಸ್ಟೋರಿನಿಂದ ಹಾಕಿಕೊಳ್ಳಬೇಕು.

ಹೆಸರುಗಳೇ ಗೊಂದಲ ಮಾಡುವುದೂ ಉಂಟು. ಪರಿಚಿತ ಲೆಕ್ಕಿಗರೊಬ್ಬರು ಮೂರು ಕಂಪ್ಯೂಟರುಗಳ ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಒಂದು ಹಾರ್ಡ್‌ಡಿಸ್ಕಿಗೆ ನಕಲಿಸಿ, ಒಂದೊಂದಕ್ಕೂ ಬೇರೆ ಹೆಸರು ಕೊಟ್ಟಿದ್ದರು. ಆದರೆ ಡಿಸ್ಕ್ ತೆರೆದಾಗ ಮೂರೂ 'ಡಾಕ್ಯುಮೆಂಟ್ಸ್' ಎಂದೇ ಕಾಣುತ್ತಿದ್ದವು. ಒಂದೇ ಜಾಗದಲ್ಲಿ ಒಂದೇ ಹೆಸರಿನ ಮೂರು ಫೋಲ್ಡರುಗಳು ಇರಲು ಸಾಧ್ಯವೇ ಇಲ್ಲ. ಒಳಹೊಕ್ಕು ವಿಳಾಸಪಟ್ಟಿಯ ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿದರೆ ನಿಜವಾದ ಹೆಸರು ಕಾಣಿಸುತ್ತದೆ. ಈ ಮರೆಮಾಚುವಿಕೆಗೆ ಕಾರಣ ಡೆಸ್ಕ್‌ಟಾಪ್ ಡಾಟ್ ಐಎನ್‌ಐ ಎಂಬ ಅಡಗಿದ ಕಡತ. ಫೋಲ್ಡರಿನ ಐಕಾನ್ ಯಾವುದು, ತೋರಿಸಬೇಕಾದ ಹೆಸರು ಯಾವುದು ಎಂದು ಅದರಲ್ಲಿ ಬರೆದಿರುತ್ತದೆ, ಮತ್ತು ನಕಲಿಸುವಾಗ ಅದೂ ಜೊತೆಯಲ್ಲಿ ಬಂದುಬಿಡುತ್ತದೆ. 'ಫೋಲ್ಡರ್ ಆಪ್ಷನ್ಸ್' ಒಳಗೆ ಅಡಗಿದ ಕಡತಗಳನ್ನು ತೋರಿಸಲು ಹೇಳಿ, 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಎದುರಿನ ಗುರುತನ್ನು ತಾತ್ಕಾಲಿಕವಾಗಿ ತೆಗೆದು, ನಕಲು ಮಾಡಿದ ಫೋಲ್ಡರಿನೊಳಗಿನ ಆ ಕಡತವನ್ನು ಮಾತ್ರ ಅಳಿಸಿ ಎಫ್ 5 ಒತ್ತಿ. ಕೆಲಸ ಮುಗಿದ ಮೇಲೆ ಆ ಗುರುತನ್ನು ಮರಳಿ ಹಾಕುವುದನ್ನು ಮರೆಯಬೇಡಿ.

ಪೆನ್‌ಡ್ರೈವ್ ವಿಷಯ ಬೇರೆ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಮೇಲೆ ಫೋಲ್ಡರುಗಳೆಲ್ಲ ಬಾಣದ ಗುರುತಿನ ಶಾರ್ಟ್‌ಕಟ್‌ಗಳಾಗಿದ್ದರೆ ಅದು ವೈರಸ್. ಅವುಗಳ ಮೇಲೆ ಕ್ಲಿಕ್ ಮಾಡಬೇಡಿ. ಮೊದಲು ಆಂಟಿವೈರಸ್‌ನಿಂದ ಪೂರ್ತಿ ಪರೀಕ್ಷಿಸಿ ಶುದ್ಧಮಾಡಿ. ನಿಮ್ಮ ಫೋಲ್ಡರುಗಳು ಬಹುತೇಕ ಅಲ್ಲಿಯೇ ಅಡಗಿರುತ್ತವೆ. ವೈರಸ್ ಅವಕ್ಕೆ ಸಿಸ್ಟಮ್ ಎಂಬ ಗುಣವನ್ನೂ ಅಂಟಿಸಿರುವುದರಿಂದ ಪ್ರಾಪರ್ಟೀಸ್‌ನಲ್ಲಿ 'ಹಿಡನ್' ಗುರುತನ್ನು ತೆಗೆಯಲು ಆಗುವುದಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ಅಟ್ರಿಬ್ ಎಂಬ ಆಜ್ಞೆ ಬರೆಯಬೇಕು. ಅದರ ಮುಂದೆ ಜಾಗ ಬಿಟ್ಟು ಬಿಟ್ಟು ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್, ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ, ಕೊನೆಗೆ ಪೆನ್‌ಡ್ರೈವಿನ ಅಕ್ಷರ, ಕೋಲನ್, ಹಿಂಬಾಗಿದ ಸ್ಲ್ಯಾಶ್, ನಕ್ಷತ್ರ, ಚುಕ್ಕೆ, ನಕ್ಷತ್ರ. ಡ್ರೈವಿನ ಅಕ್ಷರವನ್ನು ಎರಡು ಸಲ ನೋಡಿ ಬರೆಯಿರಿ.

ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಇಂಗ್ಲಿಷಿನ ಚಿತ್ರವಿಚಿತ್ರ ಅಕ್ಷರಗಳಾಗಿ ಕಾಣುವುದು ನಮ್ಮಲ್ಲಿ ಸಾಮಾನ್ಯ. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ವಿಧಾನದಲ್ಲಿ ಹೆಸರು ಟೈಪ್ ಮಾಡಿದಾಗ ಹೀಗಾಗುತ್ತದೆ. ವರ್ಡ್‌ನಲ್ಲಾದರೆ ನಾವು ಫಾಂಟ್ ಆರಿಸಬಹುದು, ಎಕ್ಸ್‌ಪ್ಲೋರರ್‌ನಲ್ಲಿ ಆ ಅವಕಾಶವಿಲ್ಲ. ಅದು ತನ್ನದೇ ಫಾಂಟಿನಲ್ಲಿ ತೋರಿಸುತ್ತದೆ. ಯೂನಿಕೋಡ್ ಕನ್ನಡದಲ್ಲಿ ಹೆಸರನ್ನು ಹೊಸದಾಗಿ ಬರೆಯುವುದೊಂದೇ ಪರಿಹಾರ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಫಾಂಟ್ ವಿಂಡೋಸ್ ಜೊತೆಗೇ ಬರುವುದರಿಂದ ಅಂಥ ಹೆಸರುಗಳು ಯಾವ ಯಂತ್ರದಲ್ಲಿಯೂ ಸರಿಯಾಗಿ ಕಾಣುತ್ತವೆ.

ಫೋಲ್ಡರ್ ತೆರೆದಾಗ ಅದು ಕೆಟ್ಟಿದೆ, ಓದಲಾಗುತ್ತಿಲ್ಲ ಎಂಬ ಸಂದೇಶವೇ ಬಂದರೆ ಮಾತ್ರ ಮೇಲಿನ ಯಾವುದನ್ನೂ ಮಾಡಬೇಡಿ. ಅದು ನೋಟದ ದೋಷವಲ್ಲ, ಡಿಸ್ಕಿನ ದೋಷ. ಓದಲು ಬರುವಷ್ಟನ್ನು ಮೊದಲು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಿ. ಡ್ರೈವಿನ ಪ್ರಾಪರ್ಟೀಸ್‌ನ 'ಟೂಲ್ಸ್' ಪುಟದಲ್ಲಿರುವ 'ಚೆಕ್' ಒತ್ತುವುದು ಅದಾದ ಮೇಲೆ.