ಡಿಪೊ ಹೊಣೆ ಹೊತ್ತ ಮಹಿಳೆಗೆ ಮೊದಲ ತಿಂಗಳ ಕೈಪಿಡಿ

ಸಿ. ಶಿಖಾ, ಜಿ. ಸತ್ಯವತಿ ಅವರಂಥ ಮಹಿಳಾ ಅಧಿಕಾರಿಗಳು ಬೆಂಗಳೂರಿನ ನಗರ ಬಸ್ ಸಂಸ್ಥೆಯಾದ ಬಿಎಂಟಿಸಿಯನ್ನು ಮುನ್ನಡೆಸಿದ್ದಾರೆ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ನೀಡುವ ಶಕ್ತಿ ಯೋಜನೆ ಆರಂಭವಾದ ಮೇಲೆ ಬಸ್ಸುಗಳಲ್ಲಿ ಮಹಿಳಾ ಪ್ರಯಾಣಿಕರೂ ಹೆಚ್ಚಿದ್ದಾರೆ. ಆದರೆ ನಿತ್ಯದ ಬದಲಾವಣೆ ನಡೆಯುವುದು ಡಿಪೊಗಳಲ್ಲೇ ಎಂಬುದು ನನ್ನ ದೃಢ ನಂಬಿಕೆ.

ಡಿಪೊದ ಹೊಣೆ ಹೊರುವ ಘಟಕ ವ್ಯವಸ್ಥಾಪಕಿಯಾಗಿ ಬಂದವರು ಮೊದಲ ವಾರವನ್ನು ಬಸ್ಸಿನಲ್ಲೇ ಕಳೆಯಬೇಕು. ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆಯಿಂದ ಹೊರಡುವ ಬಸ್ಸು ಹತ್ತಿ, ಹೂವಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಾಕೆ ಎಲ್ಲಿ ಇಳಿಯುತ್ತಾರೆ, ಮುಂದಿನ ಬಸ್ಸಿಗೆ ಎಷ್ಟು ಹೊತ್ತು ಕಾಯುತ್ತಾರೆ, ಕತ್ತಲಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂಬುದನ್ನು ಕೇಳಿ ಬರೆದುಕೊಳ್ಳಿ. ಸಮಯಪಟ್ಟಿ ತಿದ್ದುವಾಗ ಈ ಟಿಪ್ಪಣಿ ನಿಮ್ಮ ಮುಂದಿರಲಿ.

ಬಳಿಕ ನಿರ್ವಾಹಕಿಯರ ಮಾತನ್ನು ಸಮಾಧಾನದಿಂದ ಆಲಿಸಿ. ಮಾರ್ಗದ ಕೊನೆಯ ನಿಲ್ದಾಣದಲ್ಲಿ ಶೌಚಾಲಯವಿಲ್ಲವೆಂದು ಪಾಳಿಯುದ್ದಕ್ಕೂ ನೀರು ಕುಡಿಯದೆ ದುಡಿಯುವವರಿದ್ದಾರೆ. ಇದು ಅವರ ಆರೋಗ್ಯವನ್ನೇ ಕೆಡಿಸುವುದರಿಂದ, ಶುಚಿಯಾದ ಶೌಚಾಲಯ ಮತ್ತು ಚಿಲಕವಿರುವ ವಿಶ್ರಾಂತಿ ಕೊಠಡಿಯ ವ್ಯವಸ್ಥೆಯೇ ನಿಮ್ಮ ಮೊದಲ ಆದೇಶವಾಗಲಿ.

ಪಾಳಿ ಹಂಚಿಕೆಯನ್ನು ಸೂಚನಾ ಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದರೆ ಶಿಫಾರಸಿನ ಹಾವಳಿ ತಗ್ಗುತ್ತದೆ. ಲೈಂಗಿಕ ಕಿರುಕುಳದ ದೂರುಗಳನ್ನು ಡಿಪೊದಲ್ಲೇ ರಾಜಿ ಮಾಡಿಸಲು ಹೋಗದೆ, ಕೆಲಸದ ಸ್ಥಳದಲ್ಲಿ ಇಂಥ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹಿರಿಯ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿಗೆ ತಡಮಾಡದೆ ಒಪ್ಪಿಸಿ.