ಎಲ್ಲರೂ ಬಳಸುವ ಕ್ಯಾಲೊರಿ ಪಟ್ಟಿಗೆ ಮುದ್ದೆಯನ್ನು ಸರಿಯಾಗಿ ಸೇರಿಸುವ ಕ್ರಮ

ಕ್ಯಾಲೊರಿ ಆ್ಯಪ್‌ಗಳಲ್ಲಿ ಬಳಕೆದಾರರೇ ತುಂಬುವ ಆಹಾರ ಪಟ್ಟಿಗೆ ಮಂಡ್ಯದ ಮನೆಯೂಟವನ್ನು ಸೇರಿಸುವ ಮೊದಲು, ಅದೇ ಹೆಸರಿನ ನಮೂದು ಇದೆಯೇ ಎಂದು ಹುಡುಕಿ, ಇದ್ದರೆ ಅದನ್ನೇ ತಿದ್ದಬೇಕು.

‘ಒಂದು ಮುದ್ದೆ’ ಎಂಬ ಅಳತೆ ಪ್ರಯೋಜನಕ್ಕೆ ಬಾರದು, ಏಕೆಂದರೆ ಮುದ್ದೆಯ ಗಾತ್ರ ಮನೆಯಿಂದ ಮನೆಗೆ ಬದಲಾಗುತ್ತದೆ. ರಾಗಿ ಹಿಟ್ಟನ್ನು ಮೊದಲೇ ತೂಗಿ, ತಿರುವಿ ಕಟ್ಟಿದ ಮೇಲೆ ಮುದ್ದೆಗಳನ್ನೂ ತೂಗಿ, ಹಿಟ್ಟಿನ ಒಟ್ಟು ಕ್ಯಾಲೊರಿಯನ್ನು ಮುದ್ದೆಗಳ ಒಟ್ಟು ತೂಕಕ್ಕೆ ಹಂಚಬೇಕು. ನೀರಿನಿಂದ ಹೆಚ್ಚುವುದು ತೂಕ ಮಾತ್ರ. 200 ಗ್ರಾಂ ಹಿಟ್ಟಿನಲ್ಲಿ ಸುಮಾರು 640 ಕಿಲೋಕ್ಯಾಲೊರಿ (ಆಹಾರದ ಲೆಕ್ಕದಲ್ಲಿ ‘ಕ್ಯಾಲೊರಿ’ ಎನ್ನುವುದು ಇದನ್ನೇ) ಇರುತ್ತದೆ. ಅದರಿಂದ 600 ಗ್ರಾಂ ಮುದ್ದೆಯಾದರೆ, 100 ಗ್ರಾಂಗೆ ಸುಮಾರು 107 ಎಂದು ಬರೆಯಬೇಕು. ಹಿಟ್ಟಿನ ಅಂಕಿಯನ್ನೇ ಮುದ್ದೆಗೆ ಹಾಕುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಹಾನಿಕರವಾದ ತಪ್ಪು; ಸಕ್ಕರೆ ಕಾಯಿಲೆಯವರೂ ಈ ಪಟ್ಟಿಯನ್ನು ನಂಬಿ ಉಣ್ಣುತ್ತಾರೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಪೋಷಕಾಂಶ ಕೋಷ್ಟಕಗಳು ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಡುವುದರಿಂದ, ಆ ಅಂಕಿಯನ್ನು 4.184ರಿಂದ ಭಾಗಿಸಿ, ಕಿಲೋಕ್ಯಾಲೊರಿಗೆ ಬದಲಿಸಿಯೇ ತುಂಬಬೇಕು. ಬಳಿಕ ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್‌ಗಳ ಗ್ರಾಂಗಳನ್ನು 4ರಿಂದ, ಕೊಬ್ಬನ್ನು 9ರಿಂದ ಗುಣಿಸಿ ಕೂಡಿಸಿದ ಮೊತ್ತವು ಕ್ಯಾಲೊರಿಗೆ ಹತ್ತಿರವಿದೆಯೇ ಎಂದು ನೋಡಬೇಕು. ನಾರಿನಂಶದಿಂದ ಅಲ್ಪ ವ್ಯತ್ಯಾಸ ಸಹಜ.

ಮೈಸೂರು ಪಾಕ್‌ಗೆ ಬಳಸುವ ತುಪ್ಪ ಅಂಗಡಿಯಿಂದ ಅಂಗಡಿಗೆ ಬೇರೆಯಾಗುವುದರಿಂದ, ಪೊಟ್ಟಣದ ಲೇಬಲ್ ನೋಡಿ, ತಯಾರಕರ ಹೆಸರನ್ನೂ ಲೇಬಲ್ ನೋಡಿದ ದಿನಾಂಕವನ್ನೂ ಸೇರಿಸಿ ಪ್ರತ್ಯೇಕವಾಗಿ ನಮೂದಿಸಬೇಕು.