ಗಾಜನ್ನು ಬಿಟ್ಟು ನೆರಳಿನ ಬೆನ್ನು ಹತ್ತಿದೆ

ಕಟ್ಟಡಗಳ ಚಿತ್ರ ತೆಗೆಯುವವರಿಗೆ ಗಾಜಿನಷ್ಟು ಸತಾಯಿಸುವ ವಸ್ತು ಇನ್ನೊಂದಿಲ್ಲ. ಲಕ್ಸೆಂಬರ್ಗ್‌ನ ಮುದಾಮ್ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪಕ್ಕದಲ್ಲೇ ಹಳೆಯ ಕೋಟೆಯೂ ಇದೆ. ನನಗೆ ಎರಡೂ ಒಂದೇ ಚಿತ್ರದಲ್ಲಿ ಬೇಕಿತ್ತು.

1732ರಲ್ಲಿ ಕಟ್ಟಿದ ಥ್ಯೂಂಗೆನ್ ಕೋಟೆಯನ್ನು ಲಕ್ಸೆಂಬರ್ಗ್‌ನ ಕೋಟೆಗಳನ್ನು ತೆಗೆದುಹಾಕಬೇಕೆಂದ 1867ರ ಲಂಡನ್ ಒಪ್ಪಂದದ ನಂತರ ಕೆಡವಿದರು. ಉಳಿದದ್ದು ಮೂರು ದುಂಡು ಬುರುಜು, ಒಂದಿಷ್ಟು ತಳಪಾಯ. ಆ ಗೋಡೆಗಳ ಜಾಡು ಹಿಡಿದೇ ವಾಸ್ತುಶಿಲ್ಪಿ ಐ. ಎಂ. ಪೇ ಹೊಸ ಕಟ್ಟಡವನ್ನು ಎಬ್ಬಿಸಿದರು. ಅದು 2006ರಲ್ಲಿ ತೆರೆಯಿತು. ಪ್ಯಾರಿಸ್‌ನ ಲೂವ್ರ್ ಅಂಗಳದ ಪಿರಮಿಡ್ ಇವರದೇ. ನನಗೆ ಅದಕ್ಕಿಂತ ಇದು ಹೆಚ್ಚು ಇಷ್ಟ. ಇಲ್ಲಿ ಗಾಜಿಗೆ ಮೆರೆಯುವ ಹಂಬಲ ಕಡಿಮೆ.

ಹಗಲಿನಲ್ಲಿ ಹೊರಗಿನಿಂದ ನೋಡಿದರೆ ಗಾಜಿನಲ್ಲಿ ಬರೀ ಆಕಾಶ. ಪ್ರತಿಬಿಂಬ ತಗ್ಗಿಸಲು ಲೆನ್ಸಿಗೆ ಹಾಕುವ ಪೋಲರೈಸರ್ ಫಿಲ್ಟರ್ ಹಾಕಿಕೊಂಡು ಎದುರಿಗೇ ನಿಂತರೆ ಏನೂ ಆಗುವುದಿಲ್ಲ. ಗಾಜಿನ ಮೇಲ್ಮೈಗೆ ಸುಮಾರು 35 ಡಿಗ್ರಿ ಓರೆಯಾಗಿ ನೋಡುವಂತೆ ಪಕ್ಕಕ್ಕೆ ಸರಿದಾಗಲೇ ಪ್ರತಿಬಿಂಬ ಕರಗಿ ಒಳಗಿನದು ಕಾಣತೊಡಗುತ್ತದೆ. ಹಾಗೆಂದು ಪ್ರತಿಬಿಂಬವನ್ನು ಪೂರ್ತಿ ಅಳಿಸಲಿಲ್ಲ. ಅಳಿಸಿದರೆ ಅಲ್ಲಿ ಗಾಜು ಇದೆಯೆಂಬುದೇ ತಿಳಿಯದು. ಡಿಸೆಂಬರ್ ಇದಕ್ಕೆ ಹೇಳಿ ಮಾಡಿಸಿದ ತಿಂಗಳು: ನಾಲ್ಕೂವರೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ, ಒಳಗೆ ದೀಪಗಳು ಉರಿಯುತ್ತಿರುತ್ತವೆ. ಒಳಬೆಳಕೂ ಆಕಾಶವೂ ಸರಿಸಮವಾಗುವ ಕೆಲವೇ ನಿಮಿಷಗಳಲ್ಲಿ ಕೋಟೆಯ ಗೋಡೆಯೂ ಕಪ್ಪಾಗದೆ ಉಳಿಯುತ್ತದೆ.

ಒಳಗಿನ ಲೆಕ್ಕವೇ ಬೇರೆ. ದೊಡ್ಡ ಹಜಾರದಲ್ಲಿ ಎಲ್ಲರ ಕ್ಯಾಮೆರಾ ಮೇಲಕ್ಕೆ, ಗಾಜಿನ ಚಾವಣಿಯತ್ತ ತಿರುಗಿರುತ್ತದೆ. ನಾನು ಗೋಡೆಗೆ ತಿರುಗಿಸಿದೆ. ಮೋಡ ಸರಿದು ಬಿಸಿಲು ಬಿದ್ದೊಡನೆ ಚಾವಣಿಯ ಉಕ್ಕಿನ ಚೌಕಟ್ಟು ಸುಣ್ಣಕಲ್ಲಿನ ಗೋಡೆಯ ಮೇಲೆ ಓರೆ ಗೆರೆಗಳಾಗಿ ಇಳಿಯಿತು; ಕಲ್ಲಿನ ಸಂದುಗಳನ್ನು ದಾಟುವಲ್ಲಿ ಗೆರೆಗಳ ಅಂಚು ಸ್ವಲ್ಪ ಮಸುಕು. ಬಿಸಿಲು ಬಿದ್ದ ಭಾಗಕ್ಕೆ ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ) ಹೊಂದಿಸಿ, ನೆರಳನ್ನು ಅದರ ಪಾಡಿಗೆ ಬಿಟ್ಟೆ. ಲಕ್ಸೆಂಬರ್ಗ್‌ನಲ್ಲಿ ಬಿಸಿಲಿಗೆ ಕಾಯುವುದೆಂದರೆ ತಾಳ್ಮೆಯ ಪರೀಕ್ಷೆ, ಅದು ಬೇರೆ ಮಾತು.

ಕಂಪ್ಯೂಟರಿನಲ್ಲಿ ಲಂಬ ಗೆರೆಗಳನ್ನು ನೆಟ್ಟಗೆ ಮಾಡಿದ್ದು ಬಿಟ್ಟರೆ ಹೆಚ್ಚು ಕೈಯಾಡಿಸಲಿಲ್ಲ. ಬಣ್ಣವನ್ನಂತೂ ಮುಟ್ಟಲಿಲ್ಲ. ಫ್ರಾನ್ಸಿನ ಬರ್ಗಂಡಿಯಿಂದ ತಂದ ಈ ಕಲ್ಲಿಗೆ ಜೇನಿನ ಛಾಯೆಯಿದೆ. ಬಿಳುಪನ್ನು ‘ಸರಿಪಡಿಸಲು’ ಹೋದರೆ ಮೊದಲು ಮಾಯವಾಗುವುದು ಅದೇ.